ಮುದ್ದಸಂದ್ರ ಹಾಲ್ಟಿನ ಮಾಲೀಕ

ಪಿಳ್ಳಪ್ಪನ ತಾತ ಪಾಪಯ್ಯನವರು ತೀರಿಹೋಗಿ ಇಪ್ಪತ್ತೆಂಟು ವರ್ಷವಾದ ಮೇಲೆ ಒಂದು ರೈಲ್ವೆ ಸ್ಟೇಷನ್ ಕಟ್ಟಿಸಿದರು. ಕಟ್ಟಿಸಿದ್ದು ಪಿಳ್ಳಪ್ಪನ ಬಾಯಲ್ಲಿ. ಅದಕ್ಕೆ ಹಿಡಿದ ಕಾಲ ಅರ್ಧ ನಿಮಿಷ.

ಅದು ಅರವತ್ತೆಂಟನೇ ಇಸವಿಯ ಆಷಾಢ. ಯಲಹಂಕದಿಂದ ದೇವನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಪುಟ್ಟ ರೈಲು ಆವತಿ ದಾಟಿದ ಮೇಲೆ ಒಂದು ನಿಮಿಷ ನಿಲ್ಲುವ ಜಾಗ ಮುದ್ದಸಂದ್ರ ಹಾಲ್ಟ್. ಪಿಳ್ಳಪ್ಪ ಅಲ್ಲಿ ಟಿಕೆಟ್ ಏಜೆಂಟ್. ಅಂದರೆ ದೇವನಹಳ್ಳಿ ಸ್ಟೇಷನ್ನಿನಿಂದ ಟಿಕೆಟ್ಟಿನ ಕಟ್ಟು ತಂದು ಇಲ್ಲಿ ಮಾರಿ ಕಮಿಷನ್ ಪಡೆಯುವವನು. ರೈಲ್ವೆಯ ನೌಕರನಲ್ಲ. ಈ ವಿಷಯ ರೈಲ್ವೆಗೆ ಗೊತ್ತಿತ್ತು, ಪಿಳ್ಳಪ್ಪನಿಗೂ ಗೊತ್ತಿತ್ತು. ಊರಿಗೆ ಮಾತ್ರ ಗೊತ್ತಾಗದ ಹಾಗೆ ಅವನು ಹನ್ನೊಂದು ವರ್ಷ ಎಚ್ಚರ ವಹಿಸಿದ್ದ. ದೇವನಹಳ್ಳಿಯ ದರ್ಜಿಯ ಹತ್ತಿರ ಹಿತ್ತಾಳೆ ಗುಂಡಿಯ ಖಾಕಿ ಕೋಟು ಹೊಲಿಸಿಕೊಂಡಿದ್ದ. ರೈಲು ಬಂದಾಗ ಎದೆ ಸೆಟೆಸಿ ನಿಂತು ಹಸಿರು ಬಾವುಟ ಬೀಸುತ್ತಿದ್ದ. ಡ್ರೈವರ್ ಆ ಬಾವುಟವನ್ನು ಒಂದು ದಿನವೂ ನೋಡಿದವನಲ್ಲ, ಗಾರ್ಡಿನ ಸೀಟಿ ಕೇಳಿ ಹೊರಡುತ್ತಿದ್ದ. ಆದರೆ ಊರಿನವರು ಪಿಳ್ಳಪ್ಪನನ್ನು ‘ಮಾಸ್ಟ್ರೇ’ ಎನ್ನುತ್ತಿದ್ದರು.

ಆ ದಿನ ಬೆಳಗ್ಗೆ ರೈಲಿನಿಂದ ಒಬ್ಬರು ಇಳಿದರು. ಕೈಯಲ್ಲಿ ಛತ್ರಿ, ಕಂಕುಳಲ್ಲಿ ದಪ್ಪನೆಯ ರಿಜಿಸ್ಟರು, ಜೇಬಿನಲ್ಲಿ ಅಳತೆ ಟೇಪು. ರೈಲ್ವೆಯ ಕಟ್ಟಡಗಳ ಇನ್‌ಸ್ಪೆಕ್ಟರ್ ಆದಿನಾರಾಯಣಪ್ಪನವರು. ಇಳಿದವರು ಸ್ಟೇಷನ್ನಿನ ಸುತ್ತ ಮೂರು ಸುತ್ತು ಬಂದರು. ಸುತ್ತು ಸುತ್ತಿಗೂ ಅವರ ಮುಖ ಕಳೆಗುಂದುತ್ತಾ ಹೋಯಿತು.

ಅವರದು ತಪ್ಪಲ್ಲ. ಮುದ್ದಸಂದ್ರದ ಸ್ಟೇಷನ್ ಎಂದರೆ ಒಂದು ಕೋಣೆ, ಅದರ ಮುಂದೆ ಒಂದು ಜಗುಲಿ, ಅಷ್ಟೆ. ಆದರೆ ಕೋಣೆಯ ಎರಡು ಕಿಟಕಿಗಳಲ್ಲಿ ಒಂದು ಸೊಂಟದ ಎತ್ತರಕ್ಕಿತ್ತು, ಇನ್ನೊಂದು ತಲೆಯ ಎತ್ತರಕ್ಕೆ. ಜಗುಲಿಗೆ ನಾಲ್ಕು ಮರದ ಕಂಬ. ಅದರಲ್ಲಿ ಎರಡು ಉರುಟು, ಒಂದು ಚೌಕ, ನಾಲ್ಕನೆಯದು ಏತದ ಮರದ ಹಾಗೆ ಸ್ವಲ್ಪ ಸೊಟ್ಟ. ಬಾಗಿಲ ಮೇಲಿನ ಅಡ್ಡಪಟ್ಟಿಯಲ್ಲಿ ಗಜಲಕ್ಷ್ಮಿ ಕೂತಿದ್ದಳು, ಎಡಗಡೆಯ ಆನೆಗೆ ಸೊಂಡಿಲು ಇರಲಿಲ್ಲ. ಗೋಡೆಯ ಒಂದು ಕಲ್ಲು ಇನ್ನೊಂದರ ಹಾಗಿರಲಿಲ್ಲ. ಒಂದರ ಮೇಲೆ ಅರ್ಧ ತಾವರೆ, ಇನ್ನೊಂದರಲ್ಲಿ ಹಗ್ಗ ಉಜ್ಜಿ ಸವೆದ ಬಾವಿಕಟ್ಟೆಯ ಗೆರೆ, ಮತ್ತೊಂದರಲ್ಲಿ ದನ ಕಟ್ಟುವ ತೂತು.

"ಯಾವ ಎಂಜಿನಿಯರಯ್ಯಾ ಇದನ್ನ ಕಟ್ಟಿದ್ದು?" ಎಂದರು ಇನ್‌ಸ್ಪೆಕ್ಟರು.

"ಗೊತ್ತಿಲ್ಲ ಸಾರ್."

"ನೀನು ರೈಲ್ವೆಯವನಲ್ವಾ?"

ಪಿಳ್ಳಪ್ಪ ದನಿ ತಗ್ಗಿಸಿ, "ಏಜೆಂಟು ಸಾರ್" ಎಂದ.

"ಓ, ಏಜೆಂಟಾ?" ಎಂದ ಆದಿನಾರಾಯಣಪ್ಪನವರು ದನಿ ತಗ್ಗಿಸಲಿಲ್ಲ. "ಹಾಗಾದರೆ ರೈಲ್ವೆಗೂ ನಿನಗೂ ಸಂಬಂಧ ಇಲ್ಲ. ಬಾ, ಈ ಟೇಪಿನ ತುದಿ ಹಿಡ್ಕೊ."

ಜಗುಲಿಯ ಮೇಲೆ ಸೊಪ್ಪಿನ ಮಂಕರಿ, ಸೀಬೆಹಣ್ಣಿನ ಬುಟ್ಟಿ, ಚಕ್ಕೋತದ ಮೂಟೆ ಇಟ್ಟುಕೊಂಡು ದೇವನಹಳ್ಳಿ ಕಡೆಯ ರೈಲಿಗೆ ಕಾಯುತ್ತಿದ್ದ ಹದಿನೈದು ಜನ ಹೆಂಗಸರು ಇದನ್ನು ಕೇಳಿದರು. ಅವರಲ್ಲಿ ಸೊಪ್ಪಿನ ಲಕ್ಷ್ಮೀದೇವಮ್ಮನೂ ಇದ್ದಳು. ಅವಳು ಕೇಳಿದ್ದು ಸಂಜೆಯೊಳಗೆ ಮೂರು ಊರಿಗೆ ಕೇಳಿಸುತ್ತಿತ್ತು.

"ಅಲ್ಲಾ ಮಾಸ್ಟ್ರೇ," ಎಂದಳು ಲಕ್ಷ್ಮೀದೇವಮ್ಮ, "ಹಂಗಾದ್ರೆ ನೀವು ರೈಲ್ವೆಯೋರಲ್ವಾ?"

ಟೇಪಿನ ತುದಿ ಹಿಡಿದು ಬಗ್ಗಿದ್ದ ಪಿಳ್ಳಪ್ಪ ನೆಟ್ಟಗಾದ. ಕೋಟಿನ ಗುಂಡಿ ಸರಿಮಾಡಿಕೊಂಡ. "ನಾವು ರೈಲ್ವೆಯೋರಿಗಿಂತ ಹಿಂದಿನೋರು ಕಣಮ್ಮ. ಈ ಸ್ಟೇಷನ್ ಕಟ್ಸಿದ್ದೇ ನಮ್ಮ ತಾತ!"

ಹೆಂಗಸರು ಬೆರಗಾಗಿ ಸುಮ್ಮನಾದರು. ಪಿಳ್ಳಪ್ಪನಿಗೆ ಅಷ್ಟೇ ಬೇಕಾಗಿದ್ದದ್ದು. ಆದರೆ ಇನ್‌ಸ್ಪೆಕ್ಟರು ಟೇಪು ಕೈಬಿಟ್ಟು ಓಡಿಬಂದರು. ಅವರ ಮುಖದಲ್ಲಿ ಹಬ್ಬದ ಕಳೆ.

"ಏನಂದೆ? ನಿಮ್ಮ ತಾತನಾ? ಹೆಸರೇನು?"

"ಪಾ... ಪಾಪಯ್ಯ."

ಆದಿನಾರಾಯಣಪ್ಪನವರ ಸಂತೋಷಕ್ಕೆ ಕಾರಣವಿತ್ತು. ಅವರ ರಿಜಿಸ್ಟರಿನಲ್ಲಿ ಐವತ್ತು ವರ್ಷದಿಂದ ಒಂದೇ ಸಾಲು ಇತ್ತು: ‘ಮುದ್ದಸಂದ್ರ ಹಾಲ್ಟ್. ಕಟ್ಟಡ: ಇಲ್ಲ.’ ಇಲ್ಲದ ಕಟ್ಟಡ ಇಷ್ಟು ಗಟ್ಟಿಯಾಗಿ ನಿಂತಿರುವುದನ್ನು ಮೇಲಿನವರಿಗೆ ಹೇಗೆ ವಿವರಿಸುವುದೆಂಬ ಚಿಂತೆಯಲ್ಲಿ ಅವರು ಬಸವಳಿದಿದ್ದರು. ಈಗ ಅದಕ್ಕೊಬ್ಬ ಯಜಮಾನ ಸಿಕ್ಕ. ಅಲ್ಲೇ ಕೂತು ಹೇಳಿಕೆ ಬರೆದರು. ಪಿಳ್ಳಪ್ಪ ಬೆವರುತ್ತಾ, ಹೆಂಗಸರು ನೋಡುತ್ತಿದ್ದಾರೆಂದು ದೊಡ್ಡಕ್ಷರದಲ್ಲಿ ರುಜು ಹಾಕಿದ.

ತಿಂಗಳು ತುಂಬುವ ಮೊದಲೇ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬಂತು. ಇಂಗ್ಲಿಷಿನಲ್ಲಿ ಟೈಪು ಮಾಡಿದ ಎರಡು ಪುಟ. ಊರಿನಲ್ಲಿ ಇಂಗ್ಲಿಷ್ ಓದುತ್ತೇನೆಂದು ಹೇಳಿಕೊಳ್ಳುವವರು ಪಂಚಾಯಿತಿ ಚೇರ್ಮನ್ ಸಂಜೀವಪ್ಪನವರು ಒಬ್ಬರೇ. ಅವರು ಕಟ್ಟೆಯ ಮೇಲೆ ಕೂತು, ಕನ್ನಡಕ ಒರೆಸಿ, ಊರೆಲ್ಲಾ ಸೇರಿದ ಮೇಲೆ ಬಾಯಿಬಿಟ್ಟರು.

"ಶ್ರೀ ಪಿಳ್ಳಪ್ಪನವರಿಗೆ... ತಮ್ಮ ತಾತ ದಿವಂಗತ ಪಾಪಯ್ಯನವರು ಕಟ್ಟಿಸಿದ... ತಮಗೇ ಸೇರಿದ... ಸ್ಟೇಷನ್ ಕಟ್ಟಡದ ವಿಚಾರವಾಗಿ..." ಸಂಜೀವಪ್ಪನವರು ಕನ್ನಡಕದ ಮೇಲಿಂದ ನೋಡಿದರು. "ಲೇ ಪಿಳ್ಳಪ್ಪ! ಸರ್ಕಾರವೇ ಒಪ್ಕೊಂಡೈತಲ್ಲೋ!"

"ಎರಡನೇ ಪುಟದಾಗೆ ಏನೈತಣ್ಣ?" ಎಂದರು ಯಾರೋ.

ಸಂಜೀವಪ್ಪನವರು ಎರಡನೇ ಪುಟ ತಿರುಗಿಸಿದರು. ತುಟಿ ಅಲ್ಲಾಡಿಸಿದರು. ಮೂರನೇ ಸಾಲಿಗೆ ತುಟಿ ನಿಂತಿತು. "ಬರೀ ಸೆಕ್ಷನ್ನು, ಕಾನೂನಿನ ಮಾತು. ಅದು ಕಚೇರಿಯೋರು ಅವರವರೇ ಬರ್ಕೊಳ್ಳೋದು. ನಮಗೆ ಬೇಕಾದ್ದೆಲ್ಲಾ ಮೊದಲನೇದರಲ್ಲೇ ಐತೆ."

ಭಾನುವಾರ ಸ್ಟೇಷನ್ ಜಗುಲಿಯಲ್ಲೇ ಸನ್ಮಾನವಾಯಿತು. ಸಂಜೀವಪ್ಪನವರು ಮುಕ್ಕಾಲು ಗಂಟೆ ಮಾತಾಡಿ, ಪಾಪಯ್ಯನವರು ಕಾಡು ಕಡಿದು, ಹುಲಿ ಓಡಿಸಿ, ಈ ಬಯಲಿಗೆ ರೈಲು ತಂದದ್ದನ್ನು ವರ್ಣಿಸಿದರು. ಪಾಪಯ್ಯನವರ ಜೊತೆ ಅವರು ಮಾತಾಡಿದ್ದು ಎರಡೇ ಸಲ, ಎರಡು ಸಲವೂ ಸೌದೆ ವಿಚಾರದ ಜಗಳದಲ್ಲಿ. ಸೇವಂತಿಗೆ ಹಾರ ಕೊರಳಿಗೆ ಬಿದ್ದಾಗ ಪಿಳ್ಳಪ್ಪ ನಿಜ ಹೇಳಬೇಕೆಂದು ಎದ್ದು ನಿಂತ. ಅವನು ಎದ್ದದ್ದೇ ತಡ ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವಷ್ಟರಲ್ಲಿ ನಿಜ ಗಂಟಲಿಗೆ ಇಳಿದುಹೋಗಿತ್ತು. ಕೈಮುಗಿದು ಕೂತುಬಿಟ್ಟ.

ಮನೆಯಲ್ಲಿ ಹೆಂಡತಿ ಅಕ್ಕಯಮ್ಮ ಅನ್ನ ಬಡಿಸಲಿಲ್ಲ.

"ಮದುವೆ ಆಗಿ ಇಪ್ಪತ್ತು ವರ್ಷ ಆಯ್ತು. ಒಂದು ಸ್ಟೇಷನ್ ಐತೆ ಅಂತ ಯಾವತ್ತಾದ್ರೂ ಬಾಯ್ಬಿಟ್ಟಿದ್ದೀರಾ? ನಮ್ಮ ತಂಗಿ ಗಂಡನಿಗೆ ಒಂದು ಹಿಟ್ಟಿನ ಗಿರಣಿ ಐತೆ ಅಂತ ಅವಳು ಎಷ್ಟು ಮೆರೀತಾಳೆ! ನಾನು ಮಾತ್ರ ಮೂಗಿ ಹಂಗೆ ಕೂತಿದ್ದೆ!"

"ಲೇ, ಅದು ಹಂಗಲ್ಲ ಕಣೇ..."

"ನಂಗೇನೂ ಹೇಳಬೇಡಿ. ನಾಳೆನೇ ತವರಿಗೆ ಹೋಗ್ತೀನಿ. ಹೇಳಿಬಂದ್ಬಿಡ್ತೀನಿ."

ಅವಳು ತವರಿಗೆ ಹೋಗಿ ಹೇಳಿಬಂದಳು. ಸುದ್ದಿ ಅಲ್ಲಿಂದ ತೂಬಗೆರೆಗೆ ಹೋಯಿತು. ತೂಬಗೆರೆಯಿಂದ ಪಿಳ್ಳಪ್ಪನ ದೊಡ್ಡಪ್ಪನ ಮಗ ದೊಡ್ಡಮುನಿಯಪ್ಪ ಬಂದ. ಬರಿಗೈಯಲ್ಲಿ ಬರಲಿಲ್ಲ. ಒಂದು ಮೊಳೆ, ಒಂದು ಹಗ್ಗ, ಒಂದು ಬಕೆಟ್ಟು ಸುಣ್ಣ, ಒಂದು ಎಮ್ಮೆ ತಂದಿದ್ದ.

"ತಾತನ ಆಸ್ತಿ ಅಂದ್ಮೇಲೆ ನನಗೂ ಅರ್ಧ ತಾನೆ ಪಿಳ್ಳಪ್ಪ?"

"ಅಣ್ಣಾ, ತಾತನಿಗೂ ಇದಕ್ಕೂ ಸಂಬಂಧನೇ ಇಲ್ಲ. ನಾನು ಸುಮ್ನೆ ಅಂದಿದ್ದು."

ದೊಡ್ಡಮುನಿಯಪ್ಪ ಜೊತೆಗೆ ಕರೆತಂದಿದ್ದ ಸಂಜೀವಪ್ಪನವರ ಕಡೆ ತಿರುಗಿ ನಕ್ಕ. "ನೋಡಿದ್ರಾ ಚೇರ್ಮನ್ರೇ? ಪಾಲು ಕೇಳಿದ ಕೂಡಲೇ ತಾತನ್ನೇ ಬಿಟ್ಕೊಟ್ಬಿಟ್ಟ!"

ಅಂದಿನಿಂದ ಪಿಳ್ಳಪ್ಪ ನಿಜ ಹೇಳಿದಷ್ಟೂ ಜಿಪುಣನೆಂದು ಹೆಸರಾದ. ಪಂಚಾಯಿತಿ ಸೇರಿ ಸ್ಟೇಷನ್ ಪಾಲಾಯಿತು. ದೊಡ್ಡಮುನಿಯಪ್ಪ ಹಗ್ಗ ಹಿಡಿದು, ನಡುವೆ ಸರಿಯಾಗಿ ಸುಣ್ಣದ ಗೆರೆ ಎಳೆದ. ಟಿಕೆಟ್ ಕಿಟಕಿಯೂ ಸೊಟ್ಟ ಕಂಬವೂ ಪಿಳ್ಳಪ್ಪನ ಪಾಲಿಗೆ. ನೆರಳು ಬೀಳುವ ಜಗುಲಿ ಅಣ್ಣನ ಪಾಲಿಗೆ. ಎಮ್ಮೆ ಅಲ್ಲೇ ಕಟ್ಟಿಸಿಕೊಂಡಿತು. ಟಿಕೆಟ್ ತಗೊಂಡವರು ಗೆರೆ ದಾಟಿ ಎಮ್ಮೆಯ ಪಕ್ಕ ಕಾಯಬೇಕಾಯಿತು. ಯಾರಾದರೂ ಗೊಣಗಿದರೆ ದೊಡ್ಡಮುನಿಯಪ್ಪ, "ನನ್ನ ಸ್ಟೇಷನ್ನು, ನನ್ನ ಎಮ್ಮೆ. ಬೇಕಾದ್ರೆ ಅವನ ಸ್ಟೇಷನ್ನಾಗೆ ಬಿಸಿಲಿಗೆ ನಿಂತ್ಕೊಳ್ಳಿ" ಎನ್ನುತ್ತಿದ್ದ.

ಈ ನಡುವೆ ಅಕ್ಕಯಮ್ಮ ಪತ್ರದ ಮೊದಲ ಪುಟಕ್ಕೆ ಗಾಜಿನ ಕಟ್ಟು ಹಾಕಿಸಿ ಟಿಕೆಟ್ ಕಿಟಕಿಯ ಪಕ್ಕ ತೂಗುಹಾಕಿಸಿದ್ದಳು. ಒಂದು ದಿನ ದೇವನಹಳ್ಳಿಯ ಶಾಲೆಯ ಹೆಡ್‌ಮಾಸ್ಟರು ರಾಮಾಂಜಿನಪ್ಪನವರು ರೈಲಿಗೆ ಕಾಯುತ್ತಾ ಅದನ್ನು ಓದಿದರು. ಮತ್ತೊಮ್ಮೆ ಓದಿದರು.

"ಪಿಳ್ಳಪ್ಪನವರೇ, ಇದರ ಕೊನೆ ವಾಕ್ಯ ಅರ್ಧಕ್ಕೇ ನಿಂತಿದೆ. ಎರಡನೇ ಪುಟ ಎಲ್ಲಿ?"

"ಕಟ್ಟಿನ ಹಿಂದೆ ಒತ್ತುಗೊಟ್ಟೈತೆ ಸ್ವಾಮಿ. ಗಾಜು ಅಲ್ಲಾಡ್ತಿತ್ತು."

ಮೇಷ್ಟ್ರು ಕಟ್ಟು ಇಳಿಸಿ, ಹಿಂದಿನ ಹಲಗೆ ಬಿಚ್ಚಿ, ಮಡಿಸಿದ ಕಾಗದವನ್ನು ತೆಗೆದು ಓದಿದರು. ಓದುತ್ತಾ ಓದುತ್ತಾ ಅವರ ಮುಖ ಆಸ್ಪತ್ರೆಯಿಂದ ಸುದ್ದಿ ತಂದವರ ಮುಖದ ಹಾಗಾಯಿತು.

"ಇದು ಸನ್ಮಾನದ ಪತ್ರ ಅಲ್ಲ. ನೋಟೀಸು. ನಿಮ್ಮ ತಾತ ರೈಲ್ವೆ ಜಾಗವನ್ನ ಒತ್ತುವರಿ ಮಾಡಿ ಕಟ್ಟಡ ಕಟ್ಟಿದ್ದಾರಂತೆ. ಮೂವತ್ತು ದಿನದೊಳಗೆ ನೀವೇ ಕೆಡವಬೇಕು. ಇಲ್ಲದಿದ್ದರೆ ಅವರೇ ಬಂದು ಕೆಡವುತ್ತಾರೆ. ಕಟ್ಟಡ ಹೋದ ಮೇಲೆ ಟಿಕೆಟ್ ಮಾರೋಕೆ ಜಾಗ ಇರಲ್ಲ, ಆದ್ದರಿಂದ ಹಾಲ್ಟ್ ರದ್ದು. ರೈಲು ಇಲ್ಲಿ ನಿಲ್ಲಲ್ಲ."

"ಯಾವತ್ತಿಗೆ ಸ್ವಾಮಿ ಮೂವತ್ತು ದಿನ?"

"ಬರೋ ಗುರುವಾರಕ್ಕೆ."

ಸುದ್ದಿ ಕೇಳಿ ಊರೇ ಓಡಿಬಂತು. ಸಂಜೀವಪ್ಪನವರು ಕನ್ನಡಕ ತೆಗೆದು, ಅದರದೇ ದೋಷವೆಂಬಂತೆ ತಿರುಗಿಸಿ ತಿರುಗಿಸಿ ನೋಡಿದರು. ದೊಡ್ಡಮುನಿಯಪ್ಪ ಮೆಲ್ಲನೆ ಎದ್ದು ಕಾಲಿನಿಂದ ಸುಣ್ಣದ ಗೆರೆ ಅಳಿಸತೊಡಗಿದ. ಎಮ್ಮೆಯ ಹಗ್ಗ ಬಿಚ್ಚುತ್ತಾ, "ನಾನು ನೆಂಟರ ಮನೆಗೆ ಬಂದೋನು. ಎಮ್ಮೆಗೆ ನೆರಳಿರಲಿ ಅಂತ ಕಟ್ಟಿದ್ದೆ, ಅಷ್ಟೇಯ" ಎಂದ. ಎಮ್ಮೆಗೆ ಜಾಗ ಹಿಡಿಸಿಬಿಟ್ಟಿತ್ತು. ಅದನ್ನು ಹೊರಡಿಸಲು ಮೂರು ಜನ ಬೇಕಾದರು.

ಲಕ್ಷ್ಮೀದೇವಮ್ಮ ಮಾತ್ರ ಪಿಳ್ಳಪ್ಪನ ಎದುರು ಬಂದು ನಿಂತಳು. ಕೂಗಲಿಲ್ಲ. ಅವಳು ಕೂಗದೆ ಮಾತಾಡಿದ್ದನ್ನು ಊರು ಆವತ್ತೇ ಮೊದಲು ಕೇಳಿದ್ದು.

"ಮಾಸ್ಟ್ರೇ, ರೈಲು ನಿಲ್ಲದಿದ್ರೆ ನಾನು ಮಂಕರಿ ಹೊತ್ಕೊಂಡು ಆವತಿಗಂಟ ನಡೀಬೇಕು. ನಂಗೆ ಆಗ್ತದೆ. ಇವರಲ್ಲಿ ಅರ್ಧ ಜನಕ್ಕೆ ಆಗಕಿಲ್ಲ. ಏನಾದ್ರೂ ಮಾಡ್ರಪ್ಪ."

ಮಾರನೇ ದಿನ ಪಿಳ್ಳಪ್ಪ ಬೆಂಗಳೂರಿನ ರೈಲ್ವೆ ಕಚೇರಿಗೆ ಹೋದ. ಎಂಟು ಮೇಜು ದಾಟಿಸಿಕೊಂಡು ಒಂಬತ್ತನೆಯದಕ್ಕೆ ತಲುಪಿದ. ಅಲ್ಲಿದ್ದ ಗುಮಾಸ್ತರು ಫೈಲು ತೆಗೆದರು.

"ಸಾರ್, ಆ ಕಟ್ಟಡ ನಮ್ಮ ತಾತಂದಲ್ಲ. ನಾನು ಸುಳ್ಳು ಹೇಳ್ದೆ."

"ಮತ್ತೆ ಯಾರದು?"

"ರೈಲ್ವೆದೇ ಇರಬೇಕು."

"ರೈಲ್ವೆದಲ್ಲ. ರಿಜಿಸ್ಟರಿನಲ್ಲಿ ಇಲ್ಲ."

"ಹಂಗಾದ್ರೆ ಯಾರದೂ ಅಲ್ಲ ಸಾರ್."

"ಯಾರದೂ ಅಲ್ಲದ ಕಟ್ಟಡ ಅಂತ ಇರುತ್ತೇನ್ರೀ? ಈಗ ನಿಮ್ಮದು ಅಂತ ಫೈಲಿನಲ್ಲಿದೆ. ನಿಮ್ಮದಲ್ಲ ಅಂತ ನೀವು ಅರ್ಜಿ ಕೊಡಬೇಕು."

"ಕೊಡ್ತೀನಿ ಸಾರ್. ತಂದಿದ್ದೀನಿ."

ಗುಮಾಸ್ತರು ಅರ್ಜಿ ಓದಿ ಹಿಂದಕ್ಕೆ ತಳ್ಳಿದರು. "ಇದನ್ನ ತಗೊಳ್ಳೋ ಹಾಗಿಲ್ಲ. ಕಟ್ಟಡದ ವಿಚಾರಕ್ಕೆ ಅರ್ಜಿ ಕೊಡೋ ಹಕ್ಕಿರೋದು ಮಾಲೀಕರಿಗೆ ಮಾತ್ರ. ನೀವು ಮಾಲೀಕರಲ್ಲ ಅಂತ ನೀವೇ ಬರೆದಿದ್ದೀರಲ್ಲ?"

ಪಿಳ್ಳಪ್ಪ ಅಲ್ಲೇ ಬೆಂಚಿನ ಮೇಲೆ ಕೂತು ಕೋಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡ. ಗುಮಾಸ್ತರು ಕೆಟ್ಟವರಲ್ಲ. ಒಂದು ಲೋಟ ನೀರು ತರಿಸಿಕೊಟ್ಟು, ದನಿ ಇಳಿಸಿ ಹೇಳಿದರು: "ಅದನ್ನ ಕಟ್ಟಿದ್ದು ಕಣ್ಣಾರೆ ಕಂಡವರು ಯಾರಾದರೂ ಬದುಕಿದ್ದಾರಾ? ಇದ್ದರೆ ಗುರುವಾರ ಇನ್‌ಸ್ಪೆಕ್ಟರ ಮುಂದೆ ನಿಲ್ಲಿಸಿ. ಸಾಕ್ಷಿ ಹೇಳಿಕೆ ಇದ್ದರೆ ಅವರು ಬರೆದುಕೊಳ್ಳಲೇಬೇಕು."

ಅಷ್ಟು ಹಳೆಯ ಜೀವ ಪಿಳ್ಳಪ್ಪನಿಗೆ ಗೊತ್ತಿದ್ದದ್ದು ಒಂದೇ. ಪಾಪಯ್ಯನವರ ಮಗಳು, ಅವನ ಸೋದರತ್ತೆ ಮುನಿವೆಂಕಟಮ್ಮ. ಎಪ್ಪತ್ತೈದು ದಾಟಿದವಳು, ನಲ್ಲೂರಿನಲ್ಲಿ ಮಗನ ಮನೆಯಲ್ಲಿದ್ದಳು. ಪಿಳ್ಳಪ್ಪ ಗಾಡಿ ಕಟ್ಟಿಕೊಂಡು ಹೋದಾಗ ಅವಳು ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅವನು ನಡೆದದ್ದನ್ನೆಲ್ಲಾ ಹೇಳಿದ.

"ಯಾರು ಕಟ್ಸಿದ್ದು ಅಂದೆ?"

"ನಿಮ್ಮಪ್ಪ ಅಂತ ಅಂದ್ಬಿಟ್ಟೆ ಅತ್ತೆ."

ಮುನಿವೆಂಕಟಮ್ಮ ಬೀಜ ಬಿಡಿಸುವುದನ್ನು ನಿಲ್ಲಿಸಿದಳು. ಅವನನ್ನು ನೋಡಿದಳು. ನಗುತ್ತಾಳೇನೋ ಎಂದುಕೊಂಡ, ನಗಲಿಲ್ಲ.

"ನಡಿ, ಬರ್ತೀನಿ" ಎಂದು ಎದ್ದಳು. ದಾರಿಯುದ್ದಕ್ಕೂ ಪಿಳ್ಳಪ್ಪ ಎಷ್ಟು ಕೇಳಿದರೂ, "ಅಲ್ಲೇ ಹೇಳ್ತೀನಿ ಬಿಡು" ಎನ್ನುವುದು ಬಿಟ್ಟು ಬೇರೆ ಮಾತಿಲ್ಲ.

ಗುರುವಾರ ಬೆಳಗಿನ ರೈಲಿಗೆ ಆದಿನಾರಾಯಣಪ್ಪನವರು ಬಂದರು. ಜೊತೆಗೆ ಹಾರೆ, ಸುತ್ತಿಗೆ ಹಿಡಿದ ನಾಲ್ಕು ಆಳುಗಳು. ಊರೆಲ್ಲಾ ಸ್ಟೇಷನ್ ಮುಂದೆ ಸೇರಿತ್ತು. ತೂಬಗೆರೆಯಿಂದ ದೊಡ್ಡಮುನಿಯಪ್ಪನೂ ಬಂದಿದ್ದ, ಎಮ್ಮೆ ಇಲ್ಲದೆ. ತನಗೂ ಇದಕ್ಕೂ ಸಂಬಂಧವಿಲ್ಲವೆಂದು ಕೇಳದವರಿಗೂ ಹೇಳುತ್ತಿದ್ದ.

ಇನ್‌ಸ್ಪೆಕ್ಟರು ರಿಜಿಸ್ಟರು ತೆರೆದರು. "ಸಾಕ್ಷಿ ಯಾರು?"

ಮುನಿವೆಂಕಟಮ್ಮ ಕೋಲೂರಿಕೊಂಡು ಮುಂದೆ ಬಂದಳು.

"ಈ ಕಟ್ಟಡ ನಿಮ್ಮ ತಂದೆ ಪಾಪಯ್ಯನವರು ಕಟ್ಟಿಸಿದ್ದಾ?"

"ನಮ್ಮಪ್ಪನಾ? ನಮ್ಮಪ್ಪ ಇದಕ್ಕೆ ಒಂದು ಬೆಣಚುಕಲ್ಲೂ ಕೊಡ್ಲಿಲ್ಲ."

ಜನರಲ್ಲಿ ಗುಜುಗುಜು ಎದ್ದಿತು. ಪಿಳ್ಳಪ್ಪನಿಗೆ ಅರ್ಧ ಜೀವ ಬಂದ ಹಾಗಾಯಿತು. ಆದರೆ ಮುದುಕಿ ಮುಗಿಸಿರಲಿಲ್ಲ.

"ರೈಲು ಬಂದ ಮೊದಲನೇ ವರ್ಷ ಇಲ್ಲಿ ಏನೂ ಇರಲಿಲ್ಲ ಸ್ವಾಮಿ. ಬರೀ ಬಯಲು. ಕಂಪ್ನಿಯೋರು ಇದು ಸಣ್ಣ ಊರು, ಕಟ್ಟಡ ಗಿಟ್ಟಡ ಇಲ್ಲ, ನಿಂತ್ಕೊಂಡು ಹತ್ಕೊಳ್ಳಿ ಅಂದ್ರು. ಆ ವರ್ಷ ಮೇಲ್ಗಡೆ ಬೀದಿ ವರಲಕ್ಷ್ಮಮ್ಮ ಬಾಣಂತಿ. ನನ್ನ ವಾರಿಗೆಯೋಳು. ಮಗೀಗೆ ಜ್ವರ ಅಂತ ದೇವನಹಳ್ಳಿ ಆಸ್ಪತ್ರೆಗೆ ಹೊರಟಳು. ನಾನೇ ಜೊತೇಲಿ ಬಂದಿದ್ದೆ. ರೈಲು ಎರಡು ಗಂಟೆ ತಡ. ಆಲಿಕಲ್ಲು ಮಳೆ ಹಿಡ್ಕೊಂತು. ಎಲ್ಲಿಗೆ ಓಡೋದು? ಒಂದು ಮರ ಇಲ್ಲ. ಅವಳು ಬಗ್ಗಿ ಕೂತ್ಕೊಂಡು ಮಗೀಗೆ ಬೆನ್ನು ಅಡ್ಡ ಕೊಟ್ಟಳು, ನಾನು ಅವಳಿಗೆ ಅಡ್ಡ ಕೊಟ್ಟೆ. ರೈಲು ಬಂದಾಗ ಮಗ ಇರಲಿಲ್ಲ."

ಆಳುಗಳು ಹಾರೆ ಕೆಳಗಿಟ್ಟರು. ಯಾರೂ ಹೇಳಿರಲಿಲ್ಲ, ತಾವಾಗಿ ಇಟ್ಟರು.

"ಮಾರನೇ ದಿನ ಅವಳ ಮಾವ ಕೊಟ್ಟಿಗೆ ಕಲ್ಲು ಕಿತ್ತು ತಂದು ಇಲ್ಲಿ ಹಾಕಿದ್ರು. ಒಂದೇ ಕಲ್ಲು. ಏನೂ ಹೇಳಲಿಲ್ಲ. ಅದರ ಮಾರನೇ ದಿನ ಇನ್ನೊಬ್ರು ತಂದ್ರು. ಹಂಗೇ ಮನೆ ಮನೆಯಿಂದ ಬಂತು. ಬಾವಿಕಟ್ಟೆದು, ಹಿತ್ತಲದು, ಬಿದ್ದೋದ ಮಂಟಪದ್ದು. ಒಬ್ರು ಕಿಟಕಿ ಕಿತ್ಕೊಟ್ರು, ಒಬ್ರು ಮನೆ ಬಾಗಿಲೇ ಕೊಟ್ರು. ಅವರ ಮನೆಗೆ ಒಂದು ವರ್ಷ ಚಾಪೆ ಕಟ್ಟಿದ್ರು. ಆವತಿಯಿಂದ ಒಬ್ಬ ಗಾರೆಯೋನು ಬಂದು ಕೊಟ್ಟಿದ್ದನ್ನ ಕೊಟ್ಟ ಹಂಗೇ ಜೋಡಿಸಿದ. ಯಾರದನ್ನೂ ಕಡೀಲಿಲ್ಲ, ಸಣ್ಣದು ಮಾಡಲಿಲ್ಲ. ವರಲಕ್ಷ್ಮಮ್ಮನ ಮುಂದೆ ಆ ಮಾತು ಬೇಡ ಅಂತ ಆಮೇಲೆ ಯಾರೂ ಬಾಯಿಬಿಡಲಿಲ್ಲ. ನಮ್ಮಪ್ಪನ ರಾಗಿ ಹೊಲದಾಗೆ ಒಂದು ಪಟ್ಟಿ ರೈಲಿಗೆ ಹೋಗಿತ್ತು. ಆ ಸಿಟ್ಟಿಗೆ ಬಾಗಿಲು ಹಾಕ್ಕೊಂಡು ಕೂತ. ನಾನು ಕಾಲು ಹಿಡ್ಕೊಂಡೆ. ಕೊಡ್ಲಿಲ್ಲ."

ಆಮೇಲೆ ಲಕ್ಷ್ಮೀದೇವಮ್ಮ ಗೋಡೆಯ ಹತ್ತಿರ ಹೋಗಿ ಹಗ್ಗದ ಗೆರೆಯ ಕಲ್ಲಿನ ಮೇಲೆ ಕೈ ಇಟ್ಟಳು.

"ನಮ್ಮ ಬಾವಿಕಟ್ಟೆದು ಒಂದು ಕಲ್ಲು ಕಮ್ಮಿ ಅದೆ. ಯಾಕೆ ಅಂತ ನಮ್ಮತ್ತೆ ಯಾವತ್ತೂ ಹೇಳ್ಲಿಲ್ಲ. ಬರ್ಕೊಳ್ಳಿ ಸ್ವಾಮಿ, ಇದು ನಮ್ಮದು."

"ಆ ಗಜಲಕ್ಷ್ಮಿ ನಮ್ಮದು!" ಎಂದರು ಸಂಜೀವಪ್ಪ, ಸನ್ಮಾನದ ಭಾಷಣಕ್ಕಿಂತ ಚಿಕ್ಕ ದನಿಯಲ್ಲಿ. "ನಮ್ಮನೆ ಬಾಗಿಲಿಗೆ ಅಡ್ಡಪಟ್ಟಿನೇ ಇಲ್ಲ. ಸಣ್ಣೋನಾಗಿದ್ದಾಗ ಕೇಳ್ದೆ, ಲಕ್ಷ್ಮಿ ಹೊರಗೆ ಕೆಲಸದ ಮೇಲೆ ಹೋಗವಳೆ ಅಂದಿದ್ರು ನಮ್ಮಜ್ಜಿ."

ಇದಾದ ಮೇಲೆ ಜನರನ್ನು ಹಿಡಿಯುವುದು ಕಷ್ಟವಾಯಿತು. ಸೊಟ್ಟ ಕಂಬಕ್ಕೆ ಇಬ್ಬರು ಯಜಮಾನರು ಹುಟ್ಟಿಕೊಂಡು ಅಲ್ಲೇ ವಾದಕ್ಕೆ ನಿಂತರು. ಎತ್ತರದ ಕಿಟಕಿ ತಮ್ಮದೆಂದು ಒಬ್ಬ ಮುದುಕ ಅದರ ಚೌಕಟ್ಟು ಹಿಡಿದು ಅತ್ತ. ಇನ್‌ಸ್ಪೆಕ್ಟರು ಬರೆದರು, ಬರೆದರು. ನಲವತ್ತೊಂದು ಮನೆ. ಕಾಗದ ಮುಗಿದು ರಟ್ಟಿನ ಹಿಂದೆ ಬರೆದರು. ಅದೂ ಮುಗಿದಾಗ ಜಗುಲಿಯ ಮೇಲೆ ಕೂತರು.

"ನಲವತ್ತೊಂದು ಜನಕ್ಕೂ ಬೇರೆ ಬೇರೆ ನೋಟೀಸು ಕೊಡಬೇಕು," ಎಂದು ತಮಗೆ ತಾವೇ ಹೇಳಿಕೊಂಡರು. "ತೀರಿಹೋದವರ ವಾರಸುದಾರರಿಗೆಲ್ಲಾ ಕೊಡಬೇಕು. ಒಬ್ಬೊಬ್ಬರಿಗೆ ತಲುಪಿದ ದಿನದಿಂದ ಮೂವತ್ತು ಮೂವತ್ತು ದಿನ..."

"ನಮ್ಮ ಚಿಕ್ಕಪ್ಪ ಕೋಲಾರದಾಗವ್ರೆ ಸ್ವಾಮಿ. ಅವರಿಗೂ ಹಾಕಿ," ಎಂದ ಒಬ್ಬ.

"ನಮ್ಮಣ್ಣ ಮಿಲ್ಟ್ರಿನಾಗವ್ನೆ. ವಿಳಾಸ ಹೇಳಬಾರದಂತೆ," ಎಂದ ಇನ್ನೊಬ್ಬ.

ಆದಿನಾರಾಯಣಪ್ಪನವರು ಕಣ್ಣುಮುಚ್ಚಿ ತೆರೆದರು. ಎದ್ದು ಒಳಗೆ ಹೋದರು. ಒಬ್ಬರೇ ಕೋಣೆಯ ಗೋಡೆಗಳನ್ನು ಸುತ್ತ ನೋಡಿದರು. ಹೊರಗೆ ಬರುವಾಗ ಬಾಗಿಲಲ್ಲಿ ತಲೆ ಬಗ್ಗಿಸಿದರು, ಬಾಗಿಲು ಅಷ್ಟೇನೂ ಗಿಡ್ಡವಿರಲಿಲ್ಲ. ರಿಜಿಸ್ಟರು ತೆರೆದು, ತಾವು ಬರೆದಿದ್ದ ಪಾಪಯ್ಯನವರ ಹೆಸರಿನ ಮೇಲೆ ಅಡ್ಡಗೆರೆ ಎಳೆದರು. ಅದರ ಮೇಲಿನ ಹಳೆಯ ಸಾಲನ್ನು ಗಟ್ಟಿಯಾಗಿ ಓದಿದರು.

"ಮುದ್ದಸಂದ್ರ ಹಾಲ್ಟ್. ಕಟ್ಟಡ: ಇಲ್ಲ." ಆಮೇಲೆ ಆಳುಗಳಿಗೆ ಹೇಳಿದರು: "ಹಾರೆ ತಗೊಂಡು ನಡೀರಯ್ಯಾ. ಇಲ್ಲದೇ ಇರೋ ಕಟ್ಟಡಾನ ಕೆಡವೋಕೆ ನನಗೆ ಅಧಿಕಾರ ಇಲ್ಲ."

ಹೀಗೆ ಮುದ್ದಸಂದ್ರದ ಸ್ಟೇಷನ್ ಉಳಿಯಿತು, ಹಾಲ್ಟೂ ಉಳಿಯಿತು. ಪಿಳ್ಳಪ್ಪನ ಕೆಲಸವೂ ಉಳಿಯಿತು. ಅವನು ಸಂತೋಷಪಡಬೇಕಾಗಿತ್ತು.

ಆದರೆ ಮಾರನೇ ದಿನದಿಂದ ಸ್ಟೇಷನ್ ಬೇರೆಯೇ ಆಯಿತು. ರೈಲಿಗೆ ಬಂದವರು ಮೊದಲು ತಮ್ಮ ಕಲ್ಲಿನ ಹತ್ತಿರ ಹೋಗಿ ಮುಟ್ಟಿ ನೋಡುತ್ತಿದ್ದರು. ಹೊಸ ಸೊಸೆಯರಿಗೆ ತೋರಿಸುತ್ತಿದ್ದರು. ತಾವರೆಯ ಕಲ್ಲಿಗೆ ಯಾರೋ ಅರಿಶಿನ ಹಚ್ಚಿದರು. ಪಿಳ್ಳಪ್ಪನನ್ನು ಯಾರೂ ಹಂಗಿಸಲಿಲ್ಲ, ಮೊದಲಿನ ಹಾಗೇ ‘ಮಾಸ್ಟ್ರೇ’ ಎಂದರು. ಅದೇ ಅವನಿಗೆ ತಡೆಯಲಾಗಲಿಲ್ಲ. ಇಡೀ ಊರಿನಲ್ಲಿ ಆ ಸ್ಟೇಷನ್ನಿನಲ್ಲಿ ಪಾಲಿಲ್ಲದವನು ಅದರೊಳಗೇ ದಿನವೆಲ್ಲಾ ಕೂರುವ ತಾನೊಬ್ಬನೇ. ಟಿಕೆಟ್ ಕೊಡುವಾಗ ಕೈ ಗೋಡೆಗೆ ತಾಗಿದರೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಅಕ್ಕಯಮ್ಮ ತವರಿಗೆ ಏನು ಹೇಳುವುದೆಂಬ ಚಿಂತೆಯಲ್ಲಿ ಅವನ ಜೊತೆ ಮಾತೇ ಬಿಟ್ಟಿದ್ದಳು.

ಮುನಿವೆಂಕಟಮ್ಮ ಎಂಟು ದಿನ ಅವರ ಮನೆಯಲ್ಲಿದ್ದಳು. ಹೊರಡುವ ಹಿಂದಿನ ದಿನ, "ಗಾಡಿ ಬೇಡ, ದೇವನಹಳ್ಳಿಗಂಟ ರೈಲಿನಾಗೇ ಹೋಗ್ತೀನಿ. ನಮ್ಮಪ್ಪ ಇರೋವರ್ಗೂ ನಂಗೆ ಹತ್ತಕ್ಕೆ ಬಿಡ್ಲಿಲ್ಲ. ಆಮೇಲೆ ನಂಗೇ ಮನಸ್ಸಾಗಲಿಲ್ಲ" ಎಂದಳು.

ಮುದ್ದಸಂದ್ರದಲ್ಲಿ ಪ್ಲಾಟ್‌ಫಾರಂ ಎಂದರೆ ಬರೀ ನೆಲ. ಡಬ್ಬಿಯ ಮೆಟ್ಟಿಲು ಮೊಣಕಾಲಿಗಿಂತ ಮೇಲೆ. ಮುದುಕಿಯರನ್ನು ಇಬ್ಬರು ಕೆಳಗಿನಿಂದ ನೂಕಿ, ಒಬ್ಬರು ಮೇಲಿನಿಂದ ಎಳೆದು ಹತ್ತಿಸುತ್ತಿದ್ದರು. ಹನ್ನೊಂದು ವರ್ಷ ಬಾವುಟ ಬೀಸುತ್ತಾ ನಿಂತಿದ್ದ ಪಿಳ್ಳಪ್ಪ ಅದನ್ನು ದಿನಾ ನೋಡಿದ್ದ. ಆ ರಾತ್ರಿ ಅವನಿಗೆ ಅದೊಂದೇ ಕಣ್ಣಿಗೆ ಕಟ್ಟಿತು.

ಬೆಳಗ್ಗೆ ಎದ್ದವನೇ ಹಿತ್ತಲಿಗೆ ಹೋದ. ಅಲ್ಲಿ ಬಟ್ಟೆ ಒಗೆಯುವ ಕಲ್ಲಿತ್ತು. ಪಾಪಯ್ಯನವರು ತಾವೇ ಬಂಡೆಯಿಂದ ಎಬ್ಬಿಸಿ ತಂದು ಹಾಕಿಸಿದ್ದು. ಎರಡಡಿ ಅಗಲ, ಒಂದಡಿ ದಪ್ಪ, ಮೂರು ತಲೆಮಾರು ಉಜ್ಜಿ ನುಣುಪಾದದ್ದು. ಪಿಳ್ಳಪ್ಪ ಕೋಟು ಬಿಚ್ಚಿಟ್ಟು, ಹಾರೆ ಹಾಕಿ ಅದನ್ನು ಎಬ್ಬಿಸಿದ. ಪಕ್ಕದ ಮನೆಯವರ ಗಾಡಿಗೆ ಉರುಳಿಸಿಕೊಂಡು ಸ್ಟೇಷನ್ನಿಗೆ ತಂದ. ಡಬ್ಬಿಯ ಬಾಗಿಲು ಬಂದು ನಿಲ್ಲುವ ಜಾಗದಲ್ಲಿ ಇಳಿಸಿದ. ಕಾಯುತ್ತಿದ್ದವರು ನೋಡಿದರು. ಏನೆಂದು ಯಾರೂ ಕೇಳಲಿಲ್ಲ.

ರೈಲಿನ ಕೂಗು ಕೇಳುವ ಹೊತ್ತಿಗೆ ಅಕ್ಕಯಮ್ಮ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಂಕುಳಲ್ಲಿ ಒದ್ದೆ ಬಟ್ಟೆಯ ಬಕೆಟ್ಟು ಹೊತ್ತು, ದೂರದಿಂದಲೇ ಕೂಗುತ್ತಾ ಬಂದಳು.

"ಬಟ್ಟೆ ನೆನೆಹಾಕಿ ಆಚೆ ಬಂದ್ರೆ ಕಲ್ಲೇ ಇಲ್ಲ! ಈ ಮನುಷ್ಯನಿಗೆ ಏನಾಗೈತೆ ಹೇಳ್ರಪ್ಪ! ನಾನು ಎಲ್ಲಿ ಒಗೀಲಿ, ನಿಮ್ಮ ತಲೆ ಮೇಲಾ?"

ರೈಲು ನಿಂತಿತ್ತು. ಮುನಿವೆಂಕಟಮ್ಮ ಕೋಲನ್ನು ಪಿಳ್ಳಪ್ಪನ ಕೈಗೆ ಕೊಟ್ಟಳು. ಕಲ್ಲನ್ನು ಒಮ್ಮೆ ನೋಡಿದಳು. ಗುರುತು ಹಿಡಿದಳು. 'ನಮ್ಮಪ್ಪ' ಎಂದೇನೋ ಶುರುಮಾಡಿ ಬಿಟ್ಟುಬಿಟ್ಟಳು. ಬಗ್ಗಿ ಕೈಯಿಂದ ಅದನ್ನು ಮುಟ್ಟಿ, ಕಾಲಿಟ್ಟು ಹತ್ತಿದಳು. ಅಲ್ಲಿಂದ ಡಬ್ಬಿಯ ಮೆಟ್ಟಿಲಿಗೆ ಯಾರೂ ನೂಕದೆ, ಯಾರೂ ಎಳೆಯದೆ ಹತ್ತಿಹೋದಳು. ಅವಳ ಹಿಂದೆ ಇನ್ನೊಬ್ಬ ಮುದುಕಿ ಹತ್ತಿದಳು. ಲಕ್ಷ್ಮೀದೇವಮ್ಮ ಮಂಕರಿ ತಲೆಯ ಮೇಲಿಟ್ಟುಕೊಂಡೇ ಹತ್ತಿದಳು.

ಅಕ್ಕಯಮ್ಮ ಬಾಯಿ ತೆರೆದವಳು ಹಾಗೇ ನಿಂತಿದ್ದಳು. ರೈಲು ಹೊರಟಿತು. ಪಿಳ್ಳಪ್ಪನ ಒಂದು ಕೈಯಲ್ಲಿ ಹಾರೆ, ಇನ್ನೊಂದರಲ್ಲಿ ಕೊಡಲು ಮರೆತ ಅತ್ತೆಯ ಕೋಲು. ಬಾವುಟ ಬೀಸಲು ಅವನಿಗೆ ಕೈ ಇರಲಿಲ್ಲ. ರೈಲು ಹೋದ ಮೇಲೆ ಅಕ್ಕಯಮ್ಮ ಬಕೆಟ್ಟು ಕೆಳಗಿಟ್ಟಳು. ಕಲ್ಲಿನ ಮೇಲೆ ತಾನೂ ಒಂದು ಕಾಲಿಟ್ಟು ಭಾರ ಬಿಟ್ಟು ನೋಡಿದಳು.

"ಅಲ್ಲಾಡ್ತೈತೆ ಕಣ್ರೀ," ಎಂದಳು. "ಈ ಕಡೆ ಮೂಲೆಗೆ ಒಂದು ಚೂರು ಕಲ್ಲು ಒತ್ತು ಕೊಡಿ. ವಯಸ್ಸಾದೋರು ಹತ್ತೋ ಜಾಗ."

ಪಿಳ್ಳಪ್ಪ ಮಂಡಿಯೂರಿ ಕೂತು ಒತ್ತು ಕೊಡತೊಡಗಿದ. ಅವಳು ಬಗ್ಗಿ ಹಾರೆ ಹಾಕಿ ಮೂಲೆ ಎತ್ತಿ ಹಿಡಿದಳು.